ಹತ್ತೊಂಬತ್ತಕ್ಕೆ ಬಿಟ್ಟ ದಮ್ಮು

ದಡ್ಡಿ
28 ಆಗಸ್ಟ್ 2023

ಅಪ್ಪಾ,

ಈ ಪತ್ರ ನೋಡಿ ನಿನಗೆ ನಗು ಬರಬಹುದು. ಕೈಯಲ್ಲಿ ಮೊಬೈಲ್ ಇಟ್ಟುಕೊಂಡ ಮಗಳು ಅಂಚೆಗೆ ಕಾಗದ ಹಾಕುತ್ತಾಳೆಂದರೆ ನಗು ಬರದೆ ಇನ್ನೇನು? ಆದರೆ ನಾನೇನು ಮಾಡಲಿ? ಫೆಬ್ರುವರಿಯಿಂದ ನೀನು ನನ್ನ ಫೋನ್ ಎತ್ತಿಲ್ಲ. ಯಾವಾಗ ಮಾಡಿದರೂ ಅವ್ವನೇ ಎತ್ತುತ್ತಾಳೆ, ನಿನಗೆ ಕೊಡು ಅಂದರೆ "ನಿಮ್ಮಪ್ಪ ಹೊಲಕ್ಕ ಹೋಗ್ಯಾರ" ಅನ್ನುತ್ತಾಳೆ. ಬೆಳಿಗ್ಗೆ ಏಳಕ್ಕೆ ಮಾಡಿದರೂ ಹೊಲ, ಉಣ್ಣುವ ಹೊತ್ತಿಗೆ ಮಾಡಿದರೂ ಹೊಲ. ನಮಗಿರುವುದು ಮೂರೆಕರೆ, ಅದರಲ್ಲಿ ಇಷ್ಟು ಕೆಲಸ ಎಲ್ಲಿಂದ ಹುಟ್ಟಿತು?

ಪಂಚಮಿಗೆ ಕರೆಯಲು ನೀನು ಬರಲಿಲ್ಲ. ಅಜಿತನನ್ನು ಕಳಿಸಿದಿ. ಅಜಿತ ನಮ್ಮ ನಾಗನೂರ ಕಬಡ್ಡಿ ತಂಡದ ರೇಡರ್ ಹೌದು, ನನಗೆ ಅಣ್ಣನ ಹಾಗೆ ಹೌದು. ಆದರೆ ಮದುವೆಯಾದಾಗಿನಿಂದ ಪ್ರತಿ ಪಂಚಮಿಗೆ ನೀನೇ ಬರುತ್ತಿದ್ದಿ. ಈ ಮನೆಯ ಕಟ್ಟೆಯ ಮೇಲೆ ಕೂತು ನನ್ನ ಅತ್ತೆಗೆ "ಮಗಳನ್ನ ಕೊಟ್ಟೇನ್ರಿ, ಶೀಲ್ಡ್ ಮಾತ್ರ ಕೊಡೂದಿಲ್ರಿ" ಎಂದು ಕಾಡಿಸಿ, ಚಹಾ ಕುಡಿದು, ಆಮೇಲೆ ನನ್ನನ್ನು ಬಸ್ಸಿಗೆ ಹತ್ತಿಸುತ್ತಿದ್ದಿ. ಅದು ತಪ್ಪಿತೆಂದು ನನಗೆ ಸಿಟ್ಟು ಬಂತು. ಬರುವುದಿಲ್ಲ ಎಂದು ಅಜಿತನನ್ನು ಹೊರಳಿ ಕಳಿಸಿದೆ. ಅವ್ವ ಕಳಿಸಿದ ಉಂಡಿ ಮಾತ್ರ ಇಸಿದುಕೊಂಡೆ.

ನಿನ್ನ ಸಿಟ್ಟು ಯಾತಕ್ಕೆಂದು ನನಗೆ ಗೊತ್ತು. ಫೆಬ್ರುವರಿಯಲ್ಲಿ ಹುಕ್ಕೇರಿಯ ಫೈನಲ್‌ನಲ್ಲಿ ನಾನು ದಡ್ಡಿಯ ಹೆಂಗಸರ ನಡುವೆ ಕೂತಿದ್ದೆ. ನಿನ್ನ ಅಳಿಯ ನಮ್ಮ ಮೂವರನ್ನು ಮುಟ್ಟಿ ಮರಳಿದಾಗ ಚಪ್ಪಾಳೆ ತಟ್ಟಿದೆ. ನೀನು ಆಚೆ ಬದಿಯಿಂದ ನೋಡಿದಿ. ಅಪ್ಪಾ, ಗಂಡ ಆಡುವಾಗ ಅತ್ತೆಯ ಪಕ್ಕದಲ್ಲಿ ಕೈಕಟ್ಟಿ ಕೂಡಲಾಗುತ್ತದೆಯೇ? ತಟ್ಟಿದ್ದು ಕೈ ಮಾತ್ರ. ದಮ್ಮು ಹಿಡಿದದ್ದು ಅಜಿತ ಹೋದಾಗ.

ಆ ನೇಮ ನಾನು ಮುರಿದಿಲ್ಲ. ನಮ್ಮ ರೇಡರ್ ನಡುಗೆರೆ ದಾಟಿದ ಕೂಡಲೆ ನಾವಿಬ್ಬರೂ ಉಸಿರು ಹಿಡಿಯಬೇಕು, ಅವನು ಮರಳಿ ಬರುವ ತನಕ ಬಿಡಬಾರದು. ಇದನ್ನು ಮಾಡಿದವನು ನೀನು. ನನಗೆ ಆರು ವರ್ಷವಿದ್ದಾಗ ಘಟಪ್ರಭಾದ ಪಂದ್ಯದಲ್ಲಿ ಕಣ್ಣಿಗೆ ಕತ್ತಲೆ ಬಂದು ನಿನ್ನ ತೊಡೆಯ ಮೇಲೆ ಬಿದ್ದಿದ್ದೆ. ಅವ್ವ ಎಂಟು ದಿನ ನಿನಗೆ ತಂಗಳ ರೊಟ್ಟಿಯನ್ನೇ ಹಾಕಿದಳು.

ನಾನು ಹುಕ್ಕೇರಿ ಹಾಸ್ಟೆಲಿನಲ್ಲಿದ್ದಾಗ ನೀನು ಪಂದ್ಯದ ಹ್ಯಾಂಡ್‌ಬಿಲ್ಲಿನ ಹಿಂದೆ ಪೂರ್ತಿ ಆಟ ಬರೆದು ಅಂಚೆಗೆ ಹಾಕುತ್ತಿದ್ದಿ. ಎಲ್ಲವೂ ನನ್ನ ಟ್ರಂಕಿನಲ್ಲಿವೆ. ಬಾಯಿಯಿಂದ ಮಾತಾಡದಿದ್ದರೆ ಹಾಗೆಯೇ ಬರೆ.

ದಡ್ಡಿಗೆ ಕೊಟ್ಟರೂ ನಾಗನೂರಿನವಳೇ,
ದಾಕ್ಷಿ

*

ನಾಗನೂರ
14 ಸೆಪ್ಟೆಂಬರ್ 2023

ಮಗಳೇ ದಾಕ್ಷಿ,

ಪತ್ರ ಮುಟ್ಟಿತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ನಿನ್ನ ಅಂಗನವಾಡಿ ಮಕ್ಕಳ ಗತಿ ಏನಾಗುತ್ತದೋ.

ಫೋನಿನ ವಿಷಯ. ಅದರ ಸ್ಪೀಕರ್ ಹಾಳಾಗಿದೆ. ನಿಮ್ಮವ್ವನ ಕಿವಿ ಚುರುಕು, ಅವಳಿಗೆ ಕೇಳುತ್ತದೆ, ನನಗೆ ಕೇಳುವುದಿಲ್ಲ. ಮೂಡಲಗಿಗೆ ಹೋದಾಗ ರಿಪೇರಿಗೆ ಕೊಡಬೇಕು. ಸಿಟ್ಟು ಗಿಟ್ಟು ಏನೂ ಇಲ್ಲ. ಚಪ್ಪಾಳೆ ನೋಡಿದೆ. ತಟ್ಟಬೇಕಾದ ಆಟವೇ ಅದು, ಮುಟ್ಟಿಸಿಕೊಂಡ ಮೂವರು ನಮ್ಮವರು ಅನ್ನುವುದೊಂದು ಬಿಟ್ಟರೆ.

ತಂಡದ ಸುದ್ದಿ ಕೇಳು. ಬೀರದೇವರ ಗುಡಿಯ ಮುಂದಿನ ಅಂಕಣಕ್ಕೆ ಕೆರೆಯ ಮಣ್ಣು ಹಾಕಿಸಿದ್ದೇವೆ. ಮೂಲೆಗೆ ಶ್ರೀಶೈಲ ಎಂಬ ಹೊಸಬ ಬಂದಿದ್ದಾನೆ. ಕಾಲು ಹಿಡಿದರೆ ಬಿಡುವುದಿಲ್ಲ, ಆದರೆ ಹಿಡಿಯಲು ಆತುರ ಬಹಳ. ಅಜಿತನ ದಮ್ಮು ಇಪ್ಪತ್ತನಾಲ್ಕಕ್ಕೆ ಬಂದಿದೆ. ನನ್ನ ಎರಡೂ ಕೈಯ ಬೆರಳ ಗೆರೆಗಳು ಸರಿಯಾಗಿ ಮುಗಿಯುವ ತನಕ ಅನ್ನು. ನಿನ್ನ ಗಂಡನದು ಹುಕ್ಕೇರಿಯಲ್ಲಿ ಎಣಿಸಿದೆ. ಎರಡೂ ಕೈ ಮುಗಿದು ಮತ್ತೆ ನಾಲ್ಕು ಗೆರೆ, ಇಪ್ಪತ್ತೆಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ತಿರುಗಿದರೂ ಅಂಥ ಎದೆ ಇನ್ನೊಂದು ಸಿಗುವುದಿಲ್ಲ. ಇದನ್ನು ಅವರಿಗೆ ಓದಿ ಹೇಳಬೇಡ, ಸೊಕ್ಕು ಬರುತ್ತದೆ.

ಪಂಚಮಿಯ ದಿನ ಅಜಿತನ ಗಾಡಿ ಒಂಟಿಯಾಗಿ ಬಂತು. ಉಂಡಿ ಬಹಳ ಉಳಿದವು.

ನಿನ್ನ ಅಪ್ಪ
ಖಂಡೆಪ್ಪ, ನಾಗನೂರ ತಂಡ

*

ದಡ್ಡಿ
30 ಸೆಪ್ಟೆಂಬರ್ 2023

ಅಪ್ಪಾ,

ನಿನ್ನ ಫೋನಿನ ಸ್ಪೀಕರ್ ಹಾಳಾಗಿದ್ದರೆ ಅಜಿತನ ಫೋನಿನದೂ ಹಾಳಾಯಿತೇ?

ಮೊನ್ನೆ ರವಿವಾರ ಅವನಿಗೆ ಮಾಡಿ, "ಅಪ್ಪನ ಕೈಯಾಗ ಕೊಡೋ" ಎಂದೆ. ಅವನು ಕೊಟ್ಟ. ನೀನು ಹಿಡಿದುಕೊಂಡದ್ದು ನನಗೆ ಗೊತ್ತಾಯಿತು. ಗುಡಿಯ ಗಂಟೆ ಕೇಳಿಸಿತು, ಹುಡುಗರು ಕೂಗಾಡುವುದು ಕೇಳಿಸಿತು. "ಅಪ್ಪಾ, ಒಂದ ಮಾತ ಆಡು" ಎಂದು ನಾನು ಅಂಗಲಾಚಿದೆ. ನೀನು ಕಟ್ ಮಾಡಿದಿ.

ಒಂದು ಚಪ್ಪಾಳೆಗೆ ಇಷ್ಟು ದೊಡ್ಡ ಶಿಕ್ಷೆಯೇ? ಪತ್ರದಲ್ಲಿ ನಗಿಸುತ್ತಿ, ಫೋನಿನಲ್ಲಿ ಕೊಲ್ಲುತ್ತಿ. ಇನ್ನು ನೀನು ಕರೆಯದೆ ನಾನಾಗಿ ನಾಗನೂರಿಗೆ ಬರುವುದಿಲ್ಲ. ನಾನೂ ನಿನ್ನ ಮಗಳೇ.

ದಾಕ್ಷಾಯಿಣಿ

*

ನಾಗನೂರ
21 ಅಕ್ಟೋಬರ್ 2023

ದಾಕ್ಷಿ,

ನಾ ನಿಮ್ಮವ್ವ ಹೇಳಾಕತ್ತೇನಿ, ಬಾಜೂ ಮನಿ ಅನ್ನಪೂರ್ಣಾ ಬರಿಯಾಕತ್ತಾಳ. ಇದನ್ನ ಫೋನಿನ್ಯಾಗ ಹೇಳಾಕ ಆಗೂದಿಲ್ಲ, ಯಾಕಂದ್ರ ನಿಮ್ಮಪ್ಪ ಮನಿ, ಎದುರಿನ ಗುಡಿ ಬಿಟ್ಟ ಎಲ್ಲೂ ಹೋಗೂದಿಲ್ಲ. ಹೊಲಕ್ಕ ಹೋಗ್ಯಾರ ಅಂತ ನಾ ಹೇಳಿದ್ದೆಲ್ಲಾ ಸುಳ್ಳ. ಹೊಲಾ ನೋಡಿ ಅವರಿಗೆ ಆರ ತಿಂಗಳಾತು.

ನಿಮ್ಮಪ್ಪಗ ಎದಿ ಬ್ಯಾನಿ ಐತಿ. ಬೆಲ್ಲದ ಗಾಣದಾಗ ಇಪ್ಪತ್ತ ವರ್ಷ ಒಲಿ ಮುಂದ ಕುಂತ ಹೊಗಿ ಕುಡದಾರಲ್ಲ, ಒಳಗ ಎಲ್ಲಾ ಗಟ್ಟಿ ಆಗೇತಂತ ಬೆಳಗಾವಿ ಡಾಕ್ಟರು ಹೇಳಿದ್ರು. ಗುಳಿಗಿ ಕೊಟ್ಟಾರ. ಆರಾಮ ಆಗೂದಲ್ಲವಾ ಇದು, ಎಷ್ಟ ದಿನ ನಡೀತೈತಿ ಅಷ್ಟ ದಿನ ಅಂದ್ರು. ಮನ್ಯಾಗ ಗಾಳಿ ಕೊಡೂ ಮಶೀನ್ ಐತಿ. ಮೂಗಿಗೆ ನಳಿ ಹಾಕ್ಕೊಂಡ ಕುಂದರತಾರ.

ನಾಕ ಮಾತ ಆಡಿದ್ರ ಉಸಿರ ಹರೀತೈತಿ. ಫೋನಿನ್ಯಾಗ ನೀ ಅದನ್ನ ಹಿಡೀತಿ ಅಂತ ಅವರಿಗೆ ಹೆದರಿಕಿ. ಸಣ್ಣಾಕಿ ಇದ್ದಾಗಿಂದ ಅವರ ಉಸಿರ ಎಣಿಸಿದಾಕಿ ನೀ. ಅದಕ್ಕ ಎತ್ತೂದಿಲ್ಲ. ಸಿಟ್ಟಲ್ಲವಾ ಅದು.

ಪಂಚಮಿ ದಿನ ಬೆಳಿಗ್ಗೆನ ಇಸ್ತ್ರಿ ಅಂಗಿ ಹಾಕ್ಕೊಂಡ ನಿನ್ನ ಕರಿಯಾಕ ಹೊಂಟಿದ್ರು. ಹಿಟ್ಟಿನ ಗಿರಣಿ ತನಕ ಹೋಗಿ ಅಲ್ಲೇ ಕಲ್ಲಿನ ಮ್ಯಾಲ ಕುಂತ್ರು. ಏಳಾಕ ಆಗಲಿಲ್ಲ. ಅಜಿತ ಎತ್ಕೊಂಡ ಬಂದ. ಆಮ್ಯಾಲ ಅವನ್ನ ಕಳಿಸಿದ್ರು. ನೀ ಬರಲಿಲ್ಲ. ಸಂಜಿ ತನಕ ಆ ಅಂಗಿ ತಗೀಲಿಲ್ಲ ಅವರು.

"ಹೇಳೂನ್ರಿ ಆಕಿಗೆ" ಅಂದ್ರ ಕೇಳೂದಿಲ್ಲ. "ಮಗಳು ನನ್ನ ಜೋಡಿ ಆಟ ನೋಡಬೇಕು, ನನ್ನ ನೋಡ್ಕೋಂತ ಕುಂದರಬಾರ್ದು" ಅಂತಾರ. ನಾ ಹೇಳೇನಂತ ತೋರಸಬ್ಯಾಡ ಮತ್ತ. ದೀಪಾವಳಿಗೆ ಬಾ. ಸುಮ್ಮನ ಬಂದಾಂಗ ಬಾ.

ನಿಮ್ಮವ್ವ
ಲಗಮವ್ವ

*

ದಡ್ಡಿ
22 ನವೆಂಬರ್ 2023

ಅವ್ವಾ,

ಅನ್ನಪೂರ್ಣಕ್ಕಾ, ಇದನ್ನು ಅವ್ವನಿಗೆ ನಿಮ್ಮ ಮನೆಯಲ್ಲೇ ಕೂಡಿಸಿಕೊಂಡು ಓದಿ ಹೇಳಿರಿ.

ನೀನು ಹೇಳಿದಂತೆ ಸುಮ್ಮನೆ ಬಂದೆ, ಸುಮ್ಮನೆ ಇದ್ದೆ, ಸುಮ್ಮನೆ ಹೋದೆ. ಮೂರು ದಿನ ನಾನು ಆಡಿದ ನಾಟಕ ಯಾವ ಕಂಪನಿಯವರೂ ಆಡಲಾರರು. ಮಶೀನನ್ನು ಹೊಟ್ಟಿನ ಕೋಣೆಯಲ್ಲಿ ಕೌದಿ ಹೊದಿಸಿ ಇಟ್ಟಿದ್ದಿರಿ. ನಾನು ಸ್ನಾನಕ್ಕೆ ಹೋದಾಗಲೆಲ್ಲ ಅದು ಗುಂಯ್ ಅನ್ನುತ್ತಿತ್ತು. ಅದಕ್ಕೇ ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡಿದೆ, ತಲೆಗೂ ಹಾಕಿಕೊಂಡೆ. ಆ ಸದ್ದು ಏನೆಂದು ಕೇಳಿದ್ದಕ್ಕೆ ಅಪ್ಪ "ಜೇನು" ಅಂದ. ನಾನು ಹೂಂ ಅಂದೆ.

ಅಪ್ಪ ನಾಲ್ಕು ಮಾತಾಡಿ ಮೀಸೆ ತಿರುವುತ್ತಾನೆ, ಮತ್ತೆ ನಾಲ್ಕು ಮಾತಾಡಿ ಪಂಚೆ ಸರಿಮಾಡಿಕೊಳ್ಳುತ್ತಾನೆ. ಮೊದಲು ಇವ್ಯಾವೂ ಇರಲಿಲ್ಲ. ಉಸಿರಿಗೆ ದಾರಿ ಮಾಡಿಕೊಡಲು ಕಲಿತ ಆಟ ಅದು. ಹೊಸ್ತಿಲಿನಿಂದ ಕಟ್ಟೆಗೆ ಬರುವಷ್ಟರಲ್ಲಿ ಕುತ್ತಿಗೆಯ ನರ ಎದ್ದು ಕಾಣುತ್ತವೆ. ನಾನು ಆಚೆ ನೋಡಿದೆ.

ಪಂಚಮಿಯನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಇಸ್ತ್ರಿ ಅಂಗಿ ಹಾಕಿಕೊಂಡು ಕಲ್ಲಿನ ಮೇಲೆ ಕೂತವನನ್ನು ನಾನು ಉಂಡಿ ಇಸಿದುಕೊಂಡು ಹೊರಳಿ ಕಳಿಸಿದೆ.

ನಾನು ಹೊರಡುವಾಗ ಅಪ್ಪ ಒಂದು ಮಾತು ಅಂದ. "ದಾಕ್ಷಿ, ನಾಗನೂರು ಶೀಲ್ಡ್ ಎತ್ತಿ ಹನ್ನೆರಡ ವರ್ಷ ಆತು ನೋಡು. ನೀ ಆಗ ಒಂಬತ್ತನೇ ಕ್ಲಾಸಿನ್ಯಾಗ ಇದ್ದಿ." ಅಷ್ಟೇ ಅಂದು ಮೀಸೆ ತಿರುವಿದ. ಅವ್ವಾ, ಅವನು ಒಂದು ಶೀಲ್ಡ್ ನೋಡಲೇಬೇಕು. ಡಾಕ್ಟರು ಕೊಡಲಾರದ್ದನ್ನು ನಾನಾದರೂ ಕೊಡಬೇಕು.

ನಿನ್ನ ಮಗಳು
ದಾಕ್ಷಿ

*

ನಾಗನೂರ
30 ಡಿಸೆಂಬರ್ 2023

ಮಗಳೇ ದಾಕ್ಷಿ,

ಈ ಹಾಳೆ ತಿರುಗಿಸಿ ನೋಡು. ಜನವರಿ ಇಪ್ಪತ್ತೊಂದು, ರವಿವಾರ, ಮೂಡಲಗಿಯಲ್ಲಿ ಪಂದ್ಯ. ಹದಿನಾರು ತಂಡ. ನನ್ನನ್ನು ಅಜಿತ ಗಾಡಿಯಲ್ಲಿ ಕರೆದೊಯ್ಯುತ್ತಾನೆ. ಹ್ಯಾಂಡ್‌ಬಿಲ್ಲಿನಲ್ಲಿ ನಾಗನೂರು ಮೂರನೇ ಸಾಲಿನಲ್ಲಿದೆ, ದಡ್ಡಿ ಕಡೆಯ ಸಾಲಿನಲ್ಲಿ. ಎರಡೂ ಗೆಲ್ಲುತ್ತ ಬಂದರೆ ಫೈನಲ್‌ನಲ್ಲೇ ಭೇಟಿ.

ಶ್ರೀಶೈಲನ ಆತುರ ಕಡಿಮೆಯಾಗಿದೆ. ಅಜಿತ ಟ್ರ್ಯಾಕ್ಟರ್ ಹೊಡೆಯುತ್ತಲೇ ಕಬಡ್ಡಿ ಕಬಡ್ಡಿ ಅನ್ನುತ್ತಾನಂತೆ, ಎದುರು ಬಂದವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಈ ಸಲ ನಮ್ಮದು ಆಗಬಹುದು. ಆಗದಿದ್ದರೂ ಚಿಂತೆಯಿಲ್ಲ, ಒಳ್ಳೆಯ ಆಟ ನಡೆಯುತ್ತದೆ.

ಒಂದು ಮಾತು ಕೇಳುತ್ತೇನೆ. ಅವತ್ತೊಂದು ದಿನ ನೀನು ನಮ್ಮ ಕಡೆ ಬಂದು ಕೂಡಲಾಗುತ್ತದೆಯೇ? ನಿನ್ನ ಅತ್ತೆಯವರಿಗೆ ಬೇಕಾದರೆ ಬೇರೆ ಪತ್ರ ಬರೆದು ಕೇಳುತ್ತೇನೆ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಗೆರೆಯ ಹತ್ತಿರ ಕೂತಿಲ್ಲ.

ನಿನ್ನ ಅಪ್ಪ
ಖಂಡೆಪ್ಪ, ನಾಗನೂರ ತಂಡ

*

ದಡ್ಡಿ
24 ಜನವರಿ 2024

ಅಪ್ಪಾ,

ಗೆದ್ದೆವು! ಗೆದ್ದೆವು! ಗೆದ್ದೆವು! ಮೂರು ದಿನವಾದರೂ ನನ್ನ ಗಂಟಲು ಸರಿಯಾಗಿಲ್ಲ. ಮೂವತ್ತೊಂದು, ಮೂವತ್ತು. ಒಂದೇ ಒಂದು ಅಂಕ! ಶ್ರೀಶೈಲ ಹಿಡಿದ ಆ ಹಿಡಿತ ನೋಡಿದೆಯಲ್ಲ? ನಿನ್ನ ಅಳಿಯನ ಕಾಲು ಹಿಡಿದು ನೆಲಕ್ಕೆ ಕೆಡವಿದನಲ್ಲ? ನಾಗನೂರಿನವರೆಲ್ಲ ಅಂಕಣಕ್ಕೆ ನುಗ್ಗಿದರು, ಭಂಡಾರದ ಅರಿಶಿನ ಹಾರಿಸಿದರು, ಅಜಿತ ಶೀಲ್ಡ್ ತಂದು ನಿನ್ನ ತೊಡೆಯ ಮೇಲೆ ಇಟ್ಟ. ನಾನು ಅತ್ತದ್ದು ನಿನಗೆ ಕಾಣಿಸಿತೋ ಇಲ್ಲವೋ.

ಇಲ್ಲಿ ಅತ್ತೆಯವರು ಇನ್ನೂ ಮುಖ ದಪ್ಪ ಮಾಡಿಕೊಂಡಿದ್ದಾರೆ. ನಿನ್ನ ಅಳಿಯ ಮಾತು ಕಡಿಮೆ ಮಾಡಿದ್ದಾರೆ, ಸೋತವರಿಗೆ ಬೇಸರ ಇದ್ದದ್ದೇ.

ಶೀಲ್ಡ್ ಎಲ್ಲಿಟ್ಟಿದ್ದೀರಿ? ಗುಡಿಯಲ್ಲೋ, ನಮ್ಮ ಮನೆಯಲ್ಲೋ? ಹಳೆಯ ಹಾಗೆ ಪೂರ್ತಿ ಆಟ ಬರೆದು ಕಳಿಸು. ಕೊನೆಯ ರೇಡನ್ನು ಮರೆಯದೆ ಬರೆ.

ನಿನ್ನ ಪಕ್ಕದಲ್ಲೇ ಕೂತಿದ್ದ
ದಾಕ್ಷಿ

*

ನಾಗನೂರ
6 ಫೆಬ್ರುವರಿ 2024

ದಾಕ್ಷಿ,

ಕೊನೆಯ ರೇಡ್ ಬರೆ ಅಂದಿ. ಬರೆಯುತ್ತೇನೆ. ಹತ್ತು ದಿನ ಬರೆಯಬಾರದೆಂದು ಕೂತಿದ್ದೆ, ಆಗಲಿಲ್ಲ.

ಅಂಕ ಸಮ, ಮೂವತ್ತು ಮೂವತ್ತು. ಅಳಿಯಂದಿರು ಬಂದರು. ನನ್ನ ಹೆಬ್ಬೆರಳು ಬಲಗೈಯ ಮೊದಲ ಗೆರೆಯ ಮೇಲೆ ಇತ್ತು. ಐದಕ್ಕೆ ಎಡಕ್ಕೆ ಹೋದರು. ಒಂಬತ್ತಕ್ಕೆ ನಮ್ಮ ಇಬ್ಬರನ್ನು ಮುಟ್ಟಿದರು. ಹಿಂದೆ ತಿರುಗಿದಾಗ ಶ್ರೀಶೈಲ ಒಂದು ಕೈಯಿಂದ ಹಿಮ್ಮಡಿ ಹಿಡಿದ. ಒಂದೇ ಕೈ. ಬಿದ್ದರು. ಅವರ ಬೆರಳಿಗೂ ನಡುಗೆರೆಗೂ ಒಂದು ಗೇಣು. ಶ್ರೀಶೈಲನ ಹಿಡಿತ ಜಾರುತ್ತಿತ್ತು. ಕೈ ಚಾಚಿದ್ದರೆ ದಡ್ಡಿ ಗೆದ್ದಿತ್ತು. ಬಲಗೈ ಮುಗಿದು ಎಡಗೈಯ ಏಳನೇ ಗೆರೆಗೆ, ಹತ್ತೊಂಬತ್ತಕ್ಕೆ, ದಮ್ಮು ನಿಂತಿತು.

ಇಪ್ಪತ್ತೆಂಟರ ಎದೆ ಅದು. ದಿನ ಕೆಟ್ಟಿತ್ತು ಅಂದುಕೊಳ್ಳಬಹುದಿತ್ತು. ಆದರೆ ದಮ್ಮು ಮುಗಿದವನು ಮೊದಲು ಬಾಯಿ ತೆರೆದು ಗಾಳಿ ಎಳೆಯುತ್ತಾನೆ. ಅದು ಅವನ ಕೈಯಲ್ಲಿಲ್ಲ. ಈಗ ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅಳಿಯಂದಿರು ಬಾಯಿ ಮುಚ್ಚಿಕೊಂಡೇ ಎದ್ದರು. ಮೊಣಕೈಯ ಮಣ್ಣು ಜಾಡಿಸಿಕೊಂಡರು. ಎದ್ದವರು ತಮ್ಮ ತಂಡದ ಕಡೆ ನೋಡಲಿಲ್ಲ, ನಿನ್ನ ಕಡೆ ನೋಡಿದರು. ನೀನು ನೆಲ ನೋಡಿದಿ.

ಅದಕ್ಕೂ ಮೊದಲೇ ನನಗೆ ಅನುಮಾನ ಬಂದಿತ್ತು. ಅಜಿತ ಮೊದಲ ರೇಡಿಗೆ ಹೋದಾಗ ನಾನು ಉಸಿರು ಹಿಡಿಯಲಾರದೆ ನಾಲ್ಕು ಸಲ ಎಳೆದುಕೊಂಡೆ. ಆರು ವರ್ಷದ ದಾಕ್ಷಿಯಾಗಿದ್ದರೆ "ಅಪ್ಪಾ, ಔಟ್! ನೀ ಔಟ್!" ಎಂದು ನನ್ನ ಬೆನ್ನ ಮೇಲೆ ಗುದ್ದುತ್ತಿದ್ದಳು. ನೀನು ಕಂಡೂ ಕಾಣದ ಹಾಗೆ ಕೂತಿದ್ದಿ. ನಿಮ್ಮವ್ವ ಹೇಳಿದ್ದಾಳೆಂದು ಆಗಲೇ ತಿಳಿಯಿತು. ನೀನು ಆಟ ನೋಡುತ್ತಿರಲಿಲ್ಲ, ನನ್ನ ಎದೆ ನೋಡುತ್ತಿದ್ದಿ. ಪರವಾಗಿಲ್ಲ ಎಂದು ಅದನ್ನು ನುಂಗಿಕೊಂಡೆ. ಹತ್ತೊಂಬತ್ತನ್ನು ನುಂಗಲಾಗಲಿಲ್ಲ.

ನಾಗನೂರು ಸೋಲುವುದು ನನಗೆ ಹೊಸದೇ? ಸೋತು ಮನೆಗೆ ಬಂದು, ನಾವಿಬ್ಬರೂ ಅದನ್ನೇ ಎರಡು ದಿನ ಮಾತಾಡುತ್ತಿದ್ದೆವು. ಅಲ್ಲಿ ಹಾಗೆ ಹಿಡಿಯಬೇಕಿತ್ತು, ಇಲ್ಲಿ ಹೀಗೆ ತಿರುಗಬೇಕಿತ್ತು ಎಂದು ನೀನು ರೊಟ್ಟಿ ಕೈಯಲ್ಲಿ ಹಿಡಿದು ಅಡುಗೆ ಮನೆಯಲ್ಲೆಲ್ಲ ರೇಡ್ ಮಾಡುತ್ತಿದ್ದಿ. ನಾನು ಆ ಎರಡು ದಿನಕ್ಕಾಗಿಯೇ ಪಂದ್ಯ ನೋಡುತ್ತಿದ್ದೆ ಮಗಳೇ. ಈ ಗೆಲುವಿನ ಬಗ್ಗೆ ನಾವಿಬ್ಬರೂ ಮಾತಾಡುವುದು ಏನಿದೆ?

ಹುಡುಗರಿಗೆ ಹೇಳಿಲ್ಲ, ನಿಮ್ಮವ್ವನಿಗೂ ಹೇಳಿಲ್ಲ. ಶ್ರೀಶೈಲ ತನ್ನ ಹಿಡಿತದಿಂದ ಗೆದ್ದೆವೆಂದು ಊರೆಲ್ಲ ಎದೆ ಉಬ್ಬಿಸಿ ತಿರುಗುತ್ತಾನೆ. ನಮ್ಮ ಕಟ್ಟೆಗೂ ದಿನಾ ಬಂದು ಆ ಹಿಡಿತವನ್ನು ಆಡಿ ತೋರಿಸುತ್ತಾನೆ. ನಾನು "ಭಲೇ" ಅನ್ನುತ್ತೇನೆ. ನಲವತ್ತು ವರ್ಷ ಗೆರೆಯ ಹತ್ತಿರ ಕೂತವನು ಈಗ ಸುಳ್ಳು ಭಲೇ ಅನ್ನುವುದನ್ನು ಕಲಿತಿದ್ದೇನೆ.

ಖಂಡೆಪ್ಪ

*

ದಡ್ಡಿ
12 ಫೆಬ್ರುವರಿ 2024

ಅಪ್ಪಾ,

ಮಾಡಿಸಿದವಳು ನಾನೇ. ನಿನ್ನ ಅಳಿಯನ ಮೇಲೆ ತಪ್ಪು ಹಾಕಬೇಡ.

ಸೆಮಿಫೈನಲ್ ಮುಗಿದ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕರೆದು ಅವರನ್ನು ಕೇಳಿದೆ. "ಆಟದಾಗ ನಾ ಯಾರ ಮಾತೂ ಕೇಳೂದಿಲ್ಲ" ಅಂದರು. ಕಾಲು ಮುಟ್ಟಿದೆ. "ನಮ್ಮಪ್ಪಗ ಇದು ಕಡೇ ಪಂದ್ಯ ಐತ್ರಿ" ಅಂದೆ. ಅವರು ನನ್ನನ್ನು ಎಬ್ಬಿಸಿ ಅಂಕಣದ ಕಡೆ ನಡೆದರು. ಹಾಲಿನ ಗಾಡಿ ಹೊಡೆದು ಬಂದು ದಿನಾ ಎರಡು ತಾಸು ಆಡುವ ಮನುಷ್ಯ. ಅವರಿಗೂ ಇರುವುದು ಅದೊಂದೇ. ಅದನ್ನು ಕೇಳಿ ಇಸಿದುಕೊಂಡೆ. ಈಗ ಅವರು ನನ್ನ ಜೊತೆ ಉಣ್ಣಲು ಕೂತರೂ ತಟ್ಟೆ ನೋಡುತ್ತಾರೆ.

ನಿನಗೆ ಗೊತ್ತಾಗುವುದಿಲ್ಲ ಅಂದುಕೊಂಡೆ. ನಿನಗೆ! ಬೇರೆ ಯಾರ ಮಗಳಾದರೂ ಇಂಥ ದಡ್ಡತನ ಮಾಡುತ್ತಿರಲಿಲ್ಲ. ನೀನು ಖುಷಿಯಾಗಿ ಹೋಗಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಹೋಗಬೇಕು ಎಂದು ಬರೆದುಬಿಟ್ಟೆ ನೋಡು. ಇಷ್ಟು ದಿನ ನಾವಿಬ್ಬರೂ ಬರೆಯದೆ ಇದ್ದ ಮಾತು.

ನಿನಗೆ ಮುಖ ತೋರಿಸುವ ಧೈರ್ಯ ಈಗ ನನಗಿಲ್ಲ. ಶಿವರಾತ್ರಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಕಟ್ಟೆಯ ಮೇಲೆ ಕೂತಿರುತ್ತೇನೆ. ಬೈಯುವುದಾದರೆ ಆಗ ಬೈ. ನಾಲ್ಕು ನಾಲ್ಕೇ ಮಾತಿನಲ್ಲಿ ಬೈ, ನಾನು ಕಾಯುತ್ತೇನೆ.

ದಾಕ್ಷಿ

*

ನಾಗನೂರ
20 ಫೆಬ್ರುವರಿ 2024

ಮಗಳೇ ದಾಕ್ಷಿ,

ಸಿಟ್ಟಿಲ್ಲ ಎಂದು ಬರೆಯಲಾರೆ. ಸುಳ್ಳು ಬರೆದು ನಮ್ಮಿಬ್ಬರಿಗೂ ಸಾಕಾಗಿದೆ. ಸ್ಪೀಕರ್ ಹಾಳಾಗಿದೆ ಎಂದು ಮೊದಲು ಬರೆದವನು ನಾನೇ. ನೀನು ಕಲಿತದ್ದು ನನ್ನಿಂದ.

ಎರಡು ಮಾತು ಇವೆ. ಒಂದು, ಅಳಿಯಂದಿರಿಗೆ ಹೇಳು, ಮುಂದಿನ ಸಲ ನಾಗನೂರು ಎದುರು ಬಂದರೆ ಇಪ್ಪತ್ತೆಂಟೂ ಆಡಬೇಕು. ಒಂದೂ ಉಳಿಸಿಕೊಳ್ಳಬಾರದು. ನೀನು ನಮ್ಮ ಕಡೆ ಕೂಡಬೇಕು.

ಎರಡನೆಯದು, ಶಿವರಾತ್ರಿಯ ತನಕ ಯಾಕೆ ಕಾಯುತ್ತಿ? ಈ ಪತ್ರ ಮುಟ್ಟಿದ ದಿನ ಫೋನ್ ಮಾಡು. ನಾನೇ ಎತ್ತುತ್ತೇನೆ. ನಾಲ್ಕು ಮಾತು ಆಡುತ್ತೇನೆ. ಉಸಿರು ಹರಿದದ್ದು ನಿನಗೆ ಕೇಳಲಿ. ಎಣಿಸು. ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಅಕ್ಷರವೂ ಈಗ ಕೋಳಿ ಕೆದರಿದ ಹಾಗೆ ಆಯಿತು.

ನಿನ್ನ ಅಪ್ಪ
ಖಂಡೆಪ್ಪ, ನಾಗನೂರ ತಂಡ

*

ದಡ್ಡಿ
20 ಜನವರಿ 2025

ಅಪ್ಪಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಗನೂರಿಗೆ ಹೋದಾಗ ನಿನ್ನನ್ನು ಮಣ್ಣು ಮಾಡಿದ ಜಾಗದಲ್ಲಿ ಕಲ್ಲಿನ ಕೆಳಗೆ ಇಟ್ಟು ಬರುತ್ತೇನೆ. ಹಳೆಯ ಪದ್ಧತಿಯಂತೆ ಹ್ಯಾಂಡ್‌ಬಿಲ್ಲಿನ ಹಿಂದೆಯೇ ಬರೆದಿದ್ದೇನೆ.

ನಿನ್ನ ಕಡೆಯ ಪತ್ರ ಫೆಬ್ರುವರಿ ಇಪ್ಪತ್ನಾಲ್ಕಕ್ಕೆ ದಡ್ಡಿಗೆ ಬಂತು. ಇಪ್ಪತ್ಮೂರರ ಬೆಳಿಗ್ಗೆಯೇ ಅಜಿತ ಫೋನ್ ಮಾಡಿ ನೀನು ಹೋದ ಸುದ್ದಿ ಹೇಳಿದ್ದ, ನಾವೆಲ್ಲ ನಾಗನೂರಿನಲ್ಲಿದ್ದೆವು. ನಿನ್ನ ದಿನಕರ್ಮಗಳನ್ನೆಲ್ಲ ಮುಗಿಸಿಕೊಂಡು ಮರಳಿದಾಗ ಬಾಗಿಲ ಕೆಳಗೆ ಬಿದ್ದಿತ್ತು. ಫೋನ್ ಮಾಡು ಎಂದು ಬರೆದಿದ್ದಿ. ಓದಿದ ಕೂಡಲೆ ನಾನು ಮಾಡಿದೆ ಅಪ್ಪಾ. ನನಗೆ ಬುದ್ಧಿ ಇರಲಿಲ್ಲ. ಅವ್ವ ಎತ್ತಿದಳು. "ನಿಮ್ಮಪ್ಪ..." ಅಂದು ನಿಲ್ಲಿಸಿದಳು. ಹೊಲಕ್ಕ ಹೋಗ್ಯಾರ ಎಂದು ಅವಳು ಹೇಳಲಿ ಎಂದು ನಾನು ಕಾದೆ.

ನಿನ್ನೆ ಗೋಕಾಕದಲ್ಲಿ ಪಂದ್ಯ ಇತ್ತು. ಸೆಮಿಫೈನಲ್‌ನಲ್ಲಿ ದಡ್ಡಿಗೆ ನಾಗನೂರು ಬಿತ್ತು. ಹೋಗುವ ಮುಂದೆ ನಿನ್ನ ಅಳಿಯ ಬೂಟಿನ ದಾರ ಕಟ್ಟುತ್ತ "ಏನ ಮಾಡ್ಲಿ?" ಎಂದು ನನ್ನನ್ನು ಕೇಳಿದರು. ವರ್ಷವಾಗುತ್ತ ಬಂತು, ಆಟದ ಬಗ್ಗೆ ನನ್ನ ಜೊತೆ ಅವರು ಆಡಿದ ಮೊದಲ ಮಾತು ಅದು. "ನಮ್ಮಪ್ಪ ಪತ್ರದಾಗ ಬರದಾಂಗ ಆಡ್ರಿ" ಎಂದೆ.

ನಾನು ನಮ್ಮ ಕಡೆ ಕೂತೆ. ಅತ್ತೆಯವರು ಆಚೆ ಬದಿಯಿಂದ ನೋಡಿದರು. ಗೆರೆಯ ಹತ್ತಿರ, ನೀನು ಕೂಡುತ್ತಿದ್ದ ಹಾಗೆ, ಎಡಗಾಲು ಚಾಚಿ ಕೂತೆ. ಶ್ರೀಶೈಲ ಬಂದು "ಅಕ್ಕಾ, ಕಾಕಾ ಇದ್ದಿದ್ರ ನನ್ನ ಹಿಡತ ನೋಡತಿದ್ರು" ಅಂದ. ನಾನು "ಭಲೇ" ಅಂದೆ. ಅದನ್ನು ನನ್ನ ಪಾಲಿಗೆ ಬಿಟ್ಟು ಹೋಗಿದ್ದಿ, ಹೊರುತ್ತೇನೆ.

ನಿನ್ನ ಅಳಿಯ ರೇಡಿಗೆ ಬಂದಾಗ ನಾನು ಬೆರಳ ಗೆರೆ ಎಣಿಸಿದೆ. ಬಲಗೈ ಮುಗಿಯಿತು, ಎಡಗೈಯ ಏಳನೇ ಗೆರೆ ಬಂತು. ಹತ್ತೊಂಬತ್ತು. ಅವರು ನಿಲ್ಲಲಿಲ್ಲ. ಎಡಗೈಯೂ ಮುಗಿದು ಮತ್ತೆ ನಾಲ್ಕು ಗೆರೆ. ಶ್ರೀಶೈಲನನ್ನು ಮುಟ್ಟಿ, ಅವನ ಎರಡೂ ಕೈಯ ಹಿಡಿತವನ್ನು ಎಳೆದುಕೊಂಡೇ ಬಂದು ಗೆರೆ ಮುಟ್ಟಿದರು. ಆಮೇಲೆ ಬಾಯಿ ತೆರೆದು ಗಾಳಿ ಎಳೆದರು. ಇಷ್ಟು ದೂರಕ್ಕೆ ಕೇಳಿಸಿತು.

ಕೊನೆಯ ರೇಡ್ ಅಜಿತನದು. ಎರಡು ಅಂಕ ಬೇಕಿತ್ತು. ಅವನು ನಡುಗೆರೆ ದಾಟಿದ, ನಾನು ದಮ್ಮು ಹಿಡಿದೆ. ನನ್ನ ಬಲಕ್ಕೆ ಜಾಗ ಬಿಟ್ಟಿದ್ದೆ, ಅಲ್ಲಿ ಯಾರೂ ಕೂತಿರಲಿಲ್ಲ. ಅಜಿತ ಒಬ್ಬನನ್ನು ಮುಟ್ಟಿದ, ತಿರುಗಿದ. ನಾಲ್ಕು ಜನ ಅವನ ಮೇಲೆ ಬಿದ್ದರು, ಅವರಲ್ಲಿ ನಿನ್ನ ಅಳಿಯನೂ ಇದ್ದರು. ಸೀಟಿ ಕೂಗಿತು. ದಡ್ಡಿಯವರು ಕುಣಿದರು.

ನಮ್ಮ ರೇಡರ್ ಮರಳಿ ಬರುವ ತನಕ ಬಿಡಬಾರದು ಎಂದು ನೇಮ. ಅಜಿತ ಅಲ್ಲೇ ಮಣ್ಣಿನಲ್ಲಿ ಮುಖ ಇಟ್ಟು ಮಲಗಿದ್ದ, ಏಳಲಿಲ್ಲ. ನಾನು ಬಿಡಲಿಲ್ಲ. ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ಕಣ್ಣಿಗೆ ಕತ್ತಲೆ ಬಂತು. ಬೀಳಲು ಪಕ್ಕದಲ್ಲಿ ನಿನ್ನ ತೊಡೆ ಇರಲಿಲ್ಲ.

ಕೊನೆಗೆ ಅಜಿತ ಎದ್ದು, ಅಂಗಿಯಿಂದ ಮುಖ ಒರೆಸಿಕೊಳ್ಳುತ್ತ ಗೆರೆ ದಾಟಿ ನನ್ನ ಹತ್ತಿರ ಬಂದ. ಆಗ ಉಸಿರು ಬಿಟ್ಟೆ. ಖಾಲಿ ಜಾಗದ ಕಡೆ ತಿರುಗಿ ಬಾಯಿಬಿಟ್ಟೇ ಹೇಳಿದೆ:

"ಸೋತ್ವಿ ಅಪ್ಪಾ. ಈ ಸಲಾ ಖರೇನ ಸೋತ್ವಿ."

ನಿನ್ನ ಮಗಳು
ದಾಕ್ಷಿ, ನಾಗನೂರ ತಂಡ